ನಟರಾಜ ಬರೆದುಕೊಟ್ಟ ಅಜ್ಜಿ

ನಟರಾಜನ ಮನೆಯಲ್ಲಿ ಕಾರಣವಿಲ್ಲದೆ ಯಾರೂ ಏನನ್ನೂ ಮಾಡುವ ಹಾಗಿರಲಿಲ್ಲ. ಡಿಶ್‌ವಾಷರ್ ಇದ್ದರೂ ಹೆಂಡತಿ ಅನಸೂಯ ಪಾತ್ರೆಗಳನ್ನು ಕೈಯಲ್ಲೇ ತೊಳೆದು ಅದರೊಳಗೆ ಬೋರಲು ಹಾಕುತ್ತಿದ್ದುದಕ್ಕೆ ಕಾರಣವಿತ್ತು. ಜಿಪ್‌ಲಾಕ್ ಕವರುಗಳನ್ನು ತೊಳೆದು ನಲ್ಲಿಯ ಮೇಲೆ ಒಣಹಾಕುವುದಕ್ಕೆ, ಮೊಸರಿನ ಖಾಲಿ ಡಬ್ಬಿಗಳಲ್ಲಿ ಸಾರು ತುಂಬಿಡುವುದಕ್ಕೆ, ಊಟದ ಮೇಜಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಎಂದೂ ತೆಗೆಯದೆ ಇರುವುದಕ್ಕೆ, ಎಲ್ಲಕ್ಕೂ ಕಾರಣವಿತ್ತು. ಅಮೆರಿಕದ ರಾಕ್‌ವಿಲ್ಲಿನ ಒಂದು ಬಯೋಟೆಕ್ ಲ್ಯಾಬಿನಲ್ಲಿ ವರ್ಷಗಟ್ಟಲೆ ಇಲಿಗಳ ಜೊತೆ ಹೆಣಗಾಡಿದವನಿಗೆ ಯಾಕೆ ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿತ್ತು. ಇಂಥ ಮನೆಯಲ್ಲಿ ಹದಿನೇಳು ವರ್ಷದ ಮಗಳು ಇಶಾ ಬಿಡುವು ಸಿಕ್ಕಿದೊಡನೆ ಬೇಸ್‌ಮೆಂಟಿಗಿಳಿದು, ವಾಷಿಂಗ್ ಮೆಷಿನ್ನಿನ ಪಕ್ಕದಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು. ಯಾಕೆ ಎಂದರೆ ಹೇಳುತ್ತಿರಲಿಲ್ಲ. ತೊಂಬತ್ತಾರರ ಬೇಸಿಗೆಯಿಡೀ ಆ ಮನೆಯ ಊಟದ ಮೇಜಿನ ಮೇಲೆ ಇದೇ ಪಂಚಾಯಿತಿ.

ಸೆಪ್ಟೆಂಬರಿನಲ್ಲಿ ಅದು ಜೋರಾಯಿತು. ಊರಿನ ಲೈಬ್ರರಿಯಲ್ಲಿ ಹೈಸ್ಕೂಲ್ ಮಕ್ಕಳ ಚಿತ್ರಪ್ರದರ್ಶನವಿತ್ತು. ಗೆದ್ದವರಿಗೆ ಮುಂದಿನ ಬೇಸಿಗೆಯಲ್ಲಿ ಒಂದು ಆರ್ಟ್ ಕಾಲೇಜಿನಲ್ಲಿ ಕಲಿಯುವ ಅವಕಾಶ. ಇಶಾ ತಾನಾಗಿ ಹೆಸರು ಕೊಟ್ಟು ಬಂದಿದ್ದಳು. ಆದರೆ ಒಂದು ನಿಯಮ: ಪ್ರತಿಯೊಬ್ಬರೂ ಸಭೆಯ ಮುಂದೆ ನಿಂತು ತಾವು ಚಿತ್ರ ಬರೆಯುವುದು ಯಾಕೆ ಎಂದು ನಾಲ್ಕು ಮಾತು ಹೇಳಬೇಕು.

"ಏನು ಹೇಳ್ತೀಯ?" ಎಂದು ನಟರಾಜ ಚಪಾತಿ ಮುರಿಯುತ್ತ ಕೇಳಿದ.

"ಐ ಡೋಂಟ್ ನೋ, ಅಪ್ಪ. ಐ ಜಸ್ಟ್ ಲೈಕ್ ಇಟ್."

"ಲೈಕ್ ಇಟ್ ಅನ್ನೋದು ಕಾರಣ ಅಲ್ಲ ಕಣೇ. ನಂಗೂ ಮಾವಿನಹಣ್ಣು ಲೈಕು. ಅದಕ್ಕೆ ಯಾರಾದ್ರೂ ಪ್ರೈಜ್ ಕೊಡ್ತಾರಾ?"

"ಚಿತ್ರ ಬರ್ದಿರೋದು ಸಾಲದಾ? ಬಾಯಲ್ಲಿ ಬೇರೆ ಹೇಳ್ಬೇಕಾ?" ಎಂದರು ರೇಣುಕಾದೇವಿ. ಅವರು ನಟರಾಜನ ತಾಯಿ. ಜೂನ್‌ನಲ್ಲಿ ಮೈಸೂರಿನಿಂದ ಬಂದವರು, ಚಳಿ ಬಲಿಯುವ ಮೊದಲು ಹಿಂತಿರುಗುವವರು.

"ಇಲ್ಲಿ ಹಂಗೇ ಅಮ್ಮ. ಕೆಲಸ ಮಾಡೋದಕ್ಕಿಂತ ಅದನ್ನ ಹೇಳ್ಕೊಳ್ಳೋದು ಮುಖ್ಯ. ಅದು ಬರದೆ ನಮ್ಮೋರೆಲ್ಲ ಹಿಂದೆ ಬಿದ್ದಿರೋದು."

"ರೀ, ಎಣ್ಣೆಗಾಯಿ ಆರ್ತಾ ಇದೆ, ಮೊದಲು ತಿನ್ನಿ," ಎಂದಳು ಅನಸೂಯ. ಡಾಕ್ಟರೊಬ್ಬರ ಆಫೀಸಿನಲ್ಲಿ ದಿನವಿಡೀ ರೋಗಿಗಳ ಸಿಡುಕು ಕೇಳಿ ಬಂದವಳಿಗೆ ಮನೆಯಲ್ಲೂ ಅದೇ ಕೇಳುವ ತಾಳ್ಮೆ ಇರಲಿಲ್ಲ.

ರೇಣುಕಾದೇವಿಯವರ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅವರು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಸೂಪರ್‌ವೈಸರಾಗಿ ನಿವೃತ್ತರಾದವರು. ಗಂಡ ತೀರಿಹೋದಾಗ ನಟರಾಜ ಇನ್ನೂ ಸ್ಲೇಟು ಹಿಡಿಯುತ್ತಿದ್ದ. ರಾತ್ರಿ ಪಾಳಿ, ಹಗಲು ಪಾಳಿ ಎಂದು ದುಡಿದು, ಕಣ್ಣು ಮಂಜಾದ ತಾಯಿಯನ್ನೂ ಮಗನನ್ನೂ ಸಾಕಿದರು. ಬೊಂಬಾಯಿಯ ಸೇಠುಗಳಿಗೆ ಹಿಂದಿಯಲ್ಲಿ, ಊಟಿಯ ಟೀ ತೋಟದ ಸಾಹೇಬರಿಗೆ ಇಂಗ್ಲಿಷಿನಲ್ಲಿ, ಕೂಗಾಡುವ ಮಂಡ್ಯದವರಿಗೆ ಅವರದೇ ಧಾಟಿಯಲ್ಲಿ ಉತ್ತರ ಕೊಟ್ಟವರು. ಅಡುಗೆ ಅಷ್ಟಕ್ಕಷ್ಟೆ. ಹಾಡು, ಹಸೆ, ಕಸೂತಿ ಯಾವುದೂ ಅವರ ಹತ್ತಿರ ಸುಳಿದಿರಲಿಲ್ಲ. ಅದರ ಬಗ್ಗೆ ಅವರಿಗೆ ಯಾವ ಬೇಸರವೂ ಇರಲಿಲ್ಲ.

ಆ ಮನೆಯಲ್ಲಿ ಇಶಾಳನ್ನು ಯಾಕೆ ಎಂದು ಕೇಳದವರು ಅವರೊಬ್ಬರೇ. ಮಧ್ಯಾಹ್ನ ಬೇಸ್‌ಮೆಂಟಿಗಿಳಿದು, ಮಡಚುವ ಕುರ್ಚಿ ಹಾಕಿಕೊಂಡು, ಒಗೆದ ಬಟ್ಟೆ ಮಡಚುತ್ತ ಮೊಮ್ಮಗಳ ಕುಂಚವನ್ನೇ ನೋಡುತ್ತಿದ್ದರು. ಅವರದೇ ಒಂದು ಚಿತ್ರವೂ ಆಗುತ್ತಿತ್ತು. ವಾಕಿಂಗಿಗೆಂದು ಮಾಲ್‌ಗೆ ಹೋದಾಗಿನದು: ಸೀರೆಯ ಮೇಲೆ ಮಗನ ಹಳೆಯ ಜಾಕೆಟ್, ಕಾಲಿಗೆ ದೊಡ್ಡ ಬಿಳಿ ಶೂ, ತಲೆಗೆ ಮಫ್ಲರ್, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಹಿಂದೆ ಥಳಥಳಿಸುವ ಅಂಗಡಿ.

"ಮೂಗು ದಪ್ಪ ಮಾಡಿದೀಯಲ್ಲೇ ಪುಟ್ಟಿ."

"ಅಜ್ಜಿ, ನಿಮ್ಮ ಮೂಗು ದಪ್ಪಾನೇ."

"ಹೌದೇನೇ? ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ಲ ನೋಡು," ಎಂದು ನಕ್ಕರು. ಮೇಲೆ ಬಂದು ಸೊಸೆಯ ಹತ್ತಿರ, "ನನ್ನ ಚಿತ್ರ ಬರೀತಿದಾಳೆ ಕಣಮ್ಮ," ಎಂದು ಎರಡು ಸಲ ಹೇಳಿದರು.

ಪ್ರದರ್ಶನ ಹತ್ತಿರ ಬಂದರೂ ಇಶಾ ನಾಲ್ಕು ಮಾತು ಕಟ್ಟಲಿಲ್ಲ. ಕಡೆಗೆ ನಟರಾಜನೇ ಕೂತ. ಲ್ಯಾಬಿನ ಅನುದಾನಕ್ಕೆ ಅರ್ಜಿ ಬರೆದೂ ಬರೆದೂ ಪಳಗಿದ ಕೈ. ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೂತವನು ಮಧ್ಯಾಹ್ನದ ಹೊತ್ತಿಗೆ ಮಗಳನ್ನೂ ಹೆಂಡತಿಯನ್ನೂ ಗ್ಯಾರೇಜಿಗೆ ಕರೆದು ಓದಿ ಹೇಳಿದ. ಗ್ಯಾರೇಜಿಗೆ ಯಾಕೆಂದರೆ ಒಳಗೆ ಅಮ್ಮ ಇದ್ದರು.

ಓದಿ ಮುಗಿಸಿದಾಗ ಇಶಾ, "ಬಟ್ ದಿಸ್ ಈಸ್ ನಾಟ್ ಅಜ್ಜಿ," ಎಂದಳು.

"ಅಜ್ಜಿ ಅಂದ್ರೆ ಇದೇ ಅಜ್ಜೀನೇ ಆಗ್ಬೇಕು ಅಂತ ಏನಿದೆ? ನಮ್ಮ ಕಡೆ ಅಜ್ಜೀರು ಹಿಂಗೇ ಇರ್ತಾರೆ. ನಮ್ಮಜ್ಜಿ ಟೆಲಿಫೋನ್ ಆಪರೇಟರ್ ಆಗಿದ್ರು ಅಂದ್ರೆ ಜಡ್ಜ್‌ಗಳಿಗೆ ಏನನ್ಸುತ್ತೆ? ಅವರ ಅಜ್ಜೀರೂ ಅದೇ ಮಾಡಿರ್ತಾರೆ!"

"ರೀ, ಅತ್ತೆ ಕೇಳಿದ್ರೆ?" ಎಂದಳು ಅನಸೂಯ.

"ಅವರನ್ನ ಯಾಕೆ ಕರ್ಕೊಂಡ್ಹೋಗೋದು? ಬರೀ ಇಂಗ್ಲಿಷ್ ಪ್ರೋಗ್ರಾಮು, ಬೋರ್ ಆಗುತ್ತೆ."

ಅನಸೂಯ ಗಟ್ಟಿಯಾಗಿ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಮಗಳು ಗೆದ್ದರೆ ಒಳ್ಳೆಯದೇ ಎಂದು ಅವಳ ಮನಸ್ಸಿನ ಒಂದು ಮೂಲೆಯಲ್ಲೂ ಇತ್ತು. "ಹಳ್ಳಿ ಹೆಸರು ಏನಂತ ಹಾಕಿದೀರ? ಇದು ತಾಲ್ಲೂಕಾಗಿ ಎಷ್ಟು ವರ್ಷ ಆಯ್ತು, ಬೇರೆ ಹಾಕಿ," ಎಂದು ತಿದ್ದಿದಳು. ಆಮೇಲೆ ಎಷ್ಟೋ ದಿನ ಅವಳನ್ನು ಚುಚ್ಚಿದ್ದು ಈ ತಿದ್ದುಪಡಿಯೇ.

ಶನಿವಾರ ಮಧ್ಯಾಹ್ನ ಲೈಬ್ರರಿಗೆ ಹೊರಡುವಾಗ ರೇಣುಕಾದೇವಿಯವರು ಮೈಸೂರು ಸಿಲ್ಕ್ ಉಟ್ಟು, ಮುಡಿಗೆ ಕ್ಲಿಪ್ಪು ಹಾಕಿಕೊಂಡು ಬಾಗಿಲಲ್ಲಿ ಮೊದಲು ನಿಂತಿದ್ದರು.

"ಅಮ್ಮ, ನಿಂಗೆ ಬೋರಾಗುತ್ತೆ. ಮನೇಲಿರು."

"ನನ್ನ ಚಿತ್ರ ಇಟ್ಟಿರ್ತಾರೆ, ನಾನೇ ಬೇಡ್ವಾ?" ಎಂದು ಅವರು ಕಾರಿನ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

ದಾರಿಯಲ್ಲಿ ನಟರಾಜ ಕನ್ನಡಿಯಲ್ಲಿ ಹಿಂದೆ ಕೂತ ಮಗಳನ್ನು ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಲೈಬ್ರರಿಯ ಬಾಗಿಲಲ್ಲಿ ಕನ್ನಡ ಸಂಘದ ಅಧ್ಯಕ್ಷ ಶೇಷಾದ್ರಿ ಸಂಸಾರಸಮೇತ ಕಾದಿದ್ದರು. ಅವರನ್ನು ಕರೆದದ್ದು ನಟರಾಜನೇ. ಸಂಘದವರು ಬಂದು ನೋಡಲಿ, ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು.

ಇಶಾಳ ಸರದಿ ಬಂತು. ಎದ್ದು ನಿಂತಾಗ ಅಜ್ಜಿ ಮೊದಲ ಸಾಲಿನಲ್ಲಿ ಕೈ ಕಟ್ಟಿ ಕೂತದ್ದು ಕಂಡಿತು. ಬೇರೆ ಏನಾದರೂ ಹೇಳೋಣವೆಂದರೆ ಬಾಯಿಪಾಠ ಮಾಡಿದ್ದು ಬಿಟ್ಟು ಇನ್ನೇನೂ ನಾಲಿಗೆಗೆ ಬರಲಿಲ್ಲ. ಹಳ್ಳಿಯ ಹೆಸರು ಹೇಳಿ, ಅವಳು ಇಂಗ್ಲಿಷಿನಲ್ಲಿ ಮುಂದುವರಿಸಿದ್ದು ಇಷ್ಟು:

"ನನ್ನ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತನ್ನ ಹೆಸರು ಬರೆಯಲೂ ಅವಳಿಗೆ ಬಾರದು. ಆದರೆ ದಿನಾ ಊರು ಏಳುವ ಮೊದಲು ತಣ್ಣೀರಿನಲ್ಲಿ ಅಂಗಳ ತೊಳೆದು, ಚಳಿಗೆ ಮರಗಟ್ಟಿದ ಬೆರಳುಗಳಿಂದ ರಂಗೋಲಿಯ ಒಂದೊಂದೇ ಚುಕ್ಕಿ ಇಡುತ್ತಿದ್ದಳು. ನೆಲ ಪೂರ್ತಿ ಒಣಗಿದರೆ ಪುಡಿ ಹಾರಿಹೋಗುತ್ತದೆ, ತೀರಾ ಒದ್ದೆಯಿದ್ದರೆ ಕರಗುತ್ತದೆ. ಆ ಎರಡರ ನಡುವಿನ ಹೊತ್ತು ಅವಳಿಗೆ ಗೊತ್ತಿತ್ತು. ಬಿಸಿಲೇರುವಷ್ಟರಲ್ಲಿ ಅದು ಅಳಿಸಿಹೋಗುತ್ತಿತ್ತು. ಅವಳ ಬೆರಳುಗಳೇ ಇಂದು ನನ್ನ ಕೈಯಲ್ಲಿವೆ. ನಾನು ಚಿತ್ರ ಬರೆಯುವುದು ಅದಕ್ಕಾಗಿ."

ಚಪ್ಪಾಳೆ ನಿಲ್ಲಲಿಲ್ಲ. ಒಬ್ಬ ಜಡ್ಜ್ ಕಣ್ಣೊರೆಸಿಕೊಂಡರು. ಗೋಡೆಯ ಮೇಲಿನ ಚಿತ್ರವನ್ನೂ ಮೊದಲ ಸಾಲಿನ ಮುದುಕಿಯನ್ನೂ ಜನ ಒಂದಾದ ಮೇಲೊಂದು ನೋಡಿದರು. ನೀಲಿ ಕೋಟಿನ ವಯಸ್ಸಾದ ಹೆಂಗಸೊಬ್ಬಳು ಬಂದು, ಮಂಡಿಯೂರಿ, ರೇಣುಕಾದೇವಿಯವರ ಎರಡೂ ಕೈಗಳನ್ನು ಹಿಡಿದು ಬೆರಳುಗಳನ್ನು ನೋಡಿದಳು. ಕಿವುಡರೊಂದಿಗೆ ಮಾತಾಡುವ ಹಾಗೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ, "ಯೂ... ಮಸ್ಟ್ ಬಿ... ವೆರಿ... ಪ್ರೌಡ್," ಎಂದಳು.

ರೇಣುಕಾದೇವಿಯವರಿಗೆ ಪ್ರತಿ ಮಾತೂ ಅರ್ಥವಾಗಿತ್ತು. ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಆಡಿದ್ದರೆ ಸಾಕಿತ್ತು, ಮೊಮ್ಮಗಳು ಎಲ್ಲರೆದುರು ಸುಳ್ಳಿಯಾಗುತ್ತಿದ್ದಳು. ಅವರು ಕಲಿತ ಇಂಗ್ಲಿಷನ್ನೆಲ್ಲ ನುಂಗಿಕೊಂಡು, ಏನೂ ತಿಳಿಯದವರಂತೆ ನಕ್ಕು ತಲೆಯಾಡಿಸಿದರು. ಇಶಾಗೆ ಬಹುಮಾನ ಬಂತು. ಅದನ್ನು ತೆಗೆದುಕೊಳ್ಳುವಾಗ ಅವಳು ತಲೆ ಎತ್ತಲಿಲ್ಲ. ನಾಚಿಕೆಯ ಹುಡುಗಿ ಎಂದು ಜನ ಮೆಚ್ಚಿದರು.

ಆ ಸಂಜೆ ಅನಸೂಯ ಮಾಡಿಟ್ಟಿದ್ದ ಶ್ಯಾವಿಗೆ ಪಾಯಸವನ್ನು ಯಾರೂ ಮುಟ್ಟಲಿಲ್ಲ. ರೇಣುಕಾದೇವಿಯವರು ಮೊಸರನ್ನ ಕಲಸಿದರು, ತಿನ್ನಲಿಲ್ಲ.

"ಯಾರು ಹೇಳ್ಕೊಟ್ಟಿದ್ದು?"

ಇಶಾ ತಟ್ಟೆ ನೋಡುತ್ತ, "ಅಪ್ಪ," ಎಂದಳು.

"ನಾನು ಹೆಬ್ಬೆಟ್ಟೇನೋ ನಟರಾಜ?"

"ಅಮ್ಮ, ಅದು ನಿನ್ನ ಬಗ್ಗೆ ಅಲ್ಲ. ಸುಮ್ನೆ ಒಂದು ಕಥೆ ಇದ್ದಂಗೆ. ಇಲ್ಲಿಯೋರಿಗೆ ಅಂಥದ್ದು ಇಷ್ಟ."

"ಆಯಮ್ಮ ಹಿಡ್ಕೊಂಡಿದ್ದು ಕಥೆ ಕೈಯಲ್ಲ, ನನ್ನ ಕೈ."

"ಅತ್ತೆ, ತಪ್ಪಾಯ್ತು," ಎಂದಳು ಅನಸೂಯ. "ನಂಗೂ ಗೊತ್ತಿತ್ತು."

"ನಿಂಗೂ ಗೊತ್ತಿತ್ತಾ?" ಎಂದು ಅವರು ಸೊಸೆಯ ಕಡೆ ತಿರುಗಿದ ರೀತಿಗೆ ಅನಸೂಯ ಎದ್ದುಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

"ಇನ್ನೊಂದು ಕೇಳ್ತೀನಿ," ಎಂದರು ರೇಣುಕಾದೇವಿ. "ನೆಲ ಒದ್ದೆ ಇರೋದು, ಒಣಗೋದು, ಬೆರಳು ಮರಗಟ್ಟೋದು, ಇದೆಲ್ಲ ನಿಂಗೆ ಹೆಂಗೆ ಗೊತ್ತು? ನನ್ನ ನೋಡಿ ಬರೆದಿದ್ದಲ್ಲ. ಪಕ್ಕದ್ಮನೆ ಶಿವಬಸಮ್ಮನ್ನ ನೋಡಿ ಬರೆದಿದ್ದು. ನನ್ನ ನೈಟ್ ಡ್ಯೂಟಿ ದಿನಗಳಲ್ಲಿ ನಮ್ಮ ಬಾಗಿಲಿಗೂ ಅವಳೇ ರಂಗೋಲಿ ಹಾಕ್ತಿದ್ಲು ಪಾಪ. ವರ್ಷಾ ವರ್ಷಾ ಅವಳಿಗೆ ಒಂದು ರವಿಕೆ ಬಟ್ಟೆ ಕೊಡ್ತಿದ್ದೆ. ನೀನು ಅವಳನ್ನ ನಿಮ್ಮಮ್ಮ ಮಾಡ್ಕೊಂಡೆ. ಅಲ್ವಾ?"

ನಟರಾಜ ಎದ್ದು ಹೋಗಿ ಹಿತ್ತಲಿನ ಒಣಗಿದ ಎಲೆ ಗುಡಿಸುವ ಕುಂಟುನೆಪ ಹಿಡಿದ.

ಇಷ್ಟಕ್ಕೇ ಮುಗಿದಿದ್ದರೆ ಮನೆಯೊಳಗಿನ ನಾಚಿಕೆಯಾಗಿ ಉಳಿಯುತ್ತಿತ್ತು. ಎರಡು ದಿನ ಬಿಟ್ಟು ಶೇಷಾದ್ರಿಯವರ ಫೋನ್ ಬಂತು. ಸಂಘದ ದೀಪಾವಳಿಗೆ ರಂಗೋಲಿ ಸ್ಪರ್ಧೆ ಇದೆ, ನಿಮ್ಮ ತಾಯಿಯವರೇ ಮೊದಲ ರಂಗೋಲಿ ಹಾಕಿ ಉದ್ಘಾಟಿಸಬೇಕು, ಇಲ್ಲಿ ಹುಟ್ಟಿದ ಮಕ್ಕಳು ಅಂಥ ಕೈಯನ್ನು ನೋಡಬೇಕು, ಇಲ್ಲ ಅನ್ನಬಾರದು. ನಟರಾಜ ಮೂರು ಸಲ "ಆದರೆ" ಎಂದು, ನಾಲ್ಕನೆಯ ಸಲ "ಆಗಲಿ ಸಾರ್" ಎಂದುಬಿಟ್ಟ.

ಅನಸೂಯ ಸೌಟು ಕುಕ್ಕಿದಳು. "ಒಪ್ಪಿಕೊಂಡ್ರಾ? ಏನು ಮನುಷ್ಯರ್ರೀ ನೀವು!"

"ಆ ದಿನ ಮಂಡಿನೋವು ಅಂತ ಹೇಳಿದ್ರಾಯ್ತು."

"ಇನ್ನೊಂದು ಸುಳ್ಳು!"

"ಐಲ್ ರಿಟರ್ನ್ ದ ಪ್ರೈಜ್," ಎಂದಳು ಇಶಾ. "ಸುಳ್ಳು ಅಂತ ಹೇಳ್ತೀನಿ."

"ಹೇಳು. ನಿನ್ನ ಸ್ಕೂಲಿಗೆ ಫೋನ್ ಹೋಗುತ್ತೆ. ಕಾಲೇಜ್ ಅಪ್ಲಿಕೇಶನ್ ಹೊತ್ತು. ಯೋಚನೆ ಮಾಡು," ಎಂದ ನಟರಾಜ. ದನಿ ಮೆಲ್ಲಗಿತ್ತು, ಆದರೆ ಹೆದರಿಸುವ ಮಾತೇ.

ರೇಣುಕಾದೇವಿಯವರು ನಡುಮನೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. "ನಾನು ಹಾಕ್ತೀನಿ. ಮಗು ಸುಳ್ಳಿ ಅನ್ನಿಸ್ಕೋಬಾರದು. ಅನಸೂಯ, ನಂಗೆ ಕಲಿಸಿಕೊಡು," ಎಂದರು.

ಹೀಗೆ ಆ ಅಕ್ಟೋಬರಿನ ಸಂಜೆಗಳಲ್ಲಿ, ಮೇಪಲ್ ಎಲೆ ಉದುರುವ, ಕಾರು ನಿಲ್ಲಿಸುವ ಡ್ರೈವ್‌ವೇ ಮೇಲೆ, ಎಪ್ಪತ್ತರ ಹತ್ತಿರದ ಹೆಂಗಸು ಸೀಮೆಸುಣ್ಣ ಹಿಡಿದು ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಇಡಲು ಕಲಿತರು. ಅವರ ಚುಕ್ಕಿಗಳಿಗೆ ಶಿಸ್ತು ಎಂಬುದೇ ಇರಲಿಲ್ಲ. ಒಂದು ಸಾಲು ರಸ್ತೆಗೆ ಹೊರಟರೆ ಇನ್ನೊಂದು ಗ್ಯಾರೇಜಿಗೆ ನುಗ್ಗುತ್ತಿತ್ತು. ಎದುರುಮನೆಯ ಬಿಳಿಯ ಹೆಂಗಸು ನಾಯಿ ಹಿಡಿದುಕೊಂಡು ನಿಂತು ನೋಡಿ, ಮುಗುಳ್ನಕ್ಕು ಹೋಗುತ್ತಿದ್ದಳು. ಮೊದಮೊದಲು ಅತ್ತೆ ಸೊಸೆ ಇಬ್ಬರಿಗೂ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ.

ಒಂದು ದಿನ ನಟರಾಜ ಬೇಗ ಬಂದ. ಕಾರು ನಿಲ್ಲಿಸಲು ಜಾಗವಿಲ್ಲದೆ ರಸ್ತೆಯಲ್ಲೇ ನಿಂತು, ತಾಯಿ ಸೊಂಟ ಹಿಡಿದುಕೊಂಡು ಗೆರೆ ಎಳೆಯುವುದನ್ನು ನೋಡಿದ. ಇಳಿಯಲು ಮನಸ್ಸಾಗಲಿಲ್ಲ. ಬಹಳ ಹೊತ್ತಾದ ಮೇಲೆ ಇಳಿದು ಬಂದವನು, ಅವರನ್ನು ದಾಟಿ ಹೋಗುವಾಗ ಬಾಯಿತಪ್ಪಿ, "ನಡುವಿನ ಉದ್ದ ಸಾಲಿಂದ ಶುರು ಮಾಡ್ಬೇಕಮ್ಮ. ಆಮೇಲೆ ಎರಡೂ ಕಡೆ ಕಡಿಮೆ ಮಾಡ್ಕೊಂಡು ಹೋಗ್ಬೇಕು," ಎಂದ.

ರೇಣುಕಾದೇವಿಯವರು ತಲೆ ಎತ್ತಿದರು. "ಶಿವಬಸಮ್ಮ ಹಂಗೆ ಮಾಡ್ತಿದ್ಲಾ?"

ನಟರಾಜ ಸರಸರ ಒಳಗೆ ಹೋದ.

ಇಶಾ ಆ ದಿನಗಳಲ್ಲಿ ಕುಂಚ ಮುಟ್ಟಲಿಲ್ಲ. ಬಹುಮಾನ ಬಂದ ಚಿತ್ರ ಬೇಸ್‌ಮೆಂಟಿನಲ್ಲಿ ಗೋಡೆಗೆ ಮುಖ ಮಾಡಿಕೊಂಡು ಒರಗಿತ್ತು. ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಇಳಿದುಬಂದು, ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದ ಮೊಮ್ಮಗಳ ಪಕ್ಕ ಕೂತರು.

"ನಾನು ಇದುವರೆಗೂ ನಿನ್ನ ಕೇಳಿಲ್ಲ. ಈಗ ಕೇಳ್ತೀನಿ. ನಿಜವಾಗಿ ಯಾಕೆ ಬರೀತೀಯ ಪುಟ್ಟಿ?"

ಇಶಾ ಟವಲ್ ಮಡಚಿದಳು, ಬಿಚ್ಚಿದಳು. "ಹೇಳಿದ್ರೆ ನಿಮಗೆ ಬೇಜಾರಾಗುತ್ತೆ."

"ಆಗ್ಲಿ."

"ಫಸ್ಟ್ ಟೈಮ್ ನನ್ನ ಫ್ರೆಂಡ್ ಮನೆಗೆ ಬಂದಾಗ ನಲ್ಲಿ ಮೇಲೆ ಜಿಪ್‌ಲಾಕ್ ಬ್ಯಾಗ್ಸ್ ಒಣಗ್ತಾ ಇತ್ತು. ಅವಳು ಅದೇನು ಅಂತ ಕೇಳಿದ್ಲು. ಐ ವಾಸ್ ಸೋ ಅಶೇಮ್ಡ್, ಅಜ್ಜಿ. ಅವಳು ಹೋದ್ಮೇಲೆ ಅದನ್ನೇ ಕೂತ್ಕೊಂಡು ಬರೆದೆ. ಬರೀಬೇಕಂದ್ರೆ ಸರಿಯಾಗಿ ನೋಡ್ಬೇಕಲ್ವಾ. ನೋಡ್ತಾ ನೋಡ್ತಾ ಅದರಲ್ಲಿ ಬೆಳಕು, ನೀರಿನ ಡ್ರಾಪ್ಸ್... ಚೆನ್ನಾಗಿತ್ತು. ಆಮೇಲೆ ನಾಚಿಕೆ ಆಗ್ಲಿಲ್ಲ. ಆಮೇಲೆ ಅಪ್ಪನ ಬನಿಯನ್ ಬರೆದೆ. ಟೇಬಲ್ ಮೇಲಿನ ಪ್ಲಾಸ್ಟಿಕ್ ಬರೆದೆ. ಯಾವುದಕ್ಕೆ ನಾಚಿಕೆ ಆಗುತ್ತೋ ಅದನ್ನ ಬರೀತೀನಿ."

ರೇಣುಕಾದೇವಿಯವರು ಗೋಡೆಗೆ ಮುಖ ಮಾಡಿದ್ದ ಚಿತ್ರದ ಕಡೆ ನೋಡಿದರು. "ಹಂಗಾದ್ರೆ ನಾನು?"

ಇಶಾ ಅತ್ತುಬಿಟ್ಟಳು. "ಮಾಲ್‌ನಲ್ಲಿ ನನ್ನ ಕ್ಲಾಸ್ ಹುಡುಗರು ಇದ್ರು. ನೀವು ಡಬ್ಬಿ ತೆಗೆದು ತಿಂತಾ ಇದ್ರಿ. ನಾನು ನಿಮ್ಮ ಜೊತೆ ಬಂದಿಲ್ಲ ಅನ್ನೋ ಥರ ಶೂ ಅಂಗಡಿ ಹತ್ರ ನಿಂತ್ಕೊಂಡೆ. ಸಾರಿ, ಅಜ್ಜಿ."

ಚಿತ್ರ ಬರೆದದ್ದು ಪ್ರೀತಿಗೆ ಎಂದುಕೊಂಡು ಸೊಸೆಯೆದುರು ಹೆಮ್ಮೆಪಟ್ಟದ್ದು ನೆನಪಾಗಿ ರೇಣುಕಾದೇವಿಯವರ ಕಿವಿ ಬಿಸಿಯಾಯಿತು. ಜಾಕೆಟ್ಟು, ಶೂ, ಡಬ್ಬಿ, ಒಂದೊಂದೂ ಈಗ ಬೇರೆ ಥರ ಕಂಡಿತು. ಅವರು ಸ್ವಲ್ಪ ಹೊತ್ತು ಕಾಲುಚೀಲಗಳನ್ನು ಜೋಡಿ ಮಾಡುತ್ತ ಕೂತರು.

"ಬರೆದ ಮೇಲೆ?" ಎಂದು ಕೊನೆಗೆ ಕೇಳಿದರು.

"ಬರೆದ ಮೇಲೆ ಯಾಕೆ ನಾಚಿಕೆ ಆಯ್ತು ಅಂತಾನೇ ನೆನಪಾಗಲ್ಲ. ನಿಮ್ಮ ಮೂಗು ನಂಗೆ ತುಂಬಾ ಇಷ್ಟ."

"ಸರಿ ಬಿಡು. ನೀನು ನಾಚ್ಕೊಂಡ್ರೂ ನನ್ನ ಕೂತು ನೋಡಿದೆ," ಎಂದರು ಅಜ್ಜಿ. "ನಿಮ್ಮಪ್ಪ ನಾಚ್ಕೊಂಡು ಬೇರೆ ಅಮ್ಮನ್ನೇ ತಂದುಬಿಟ್ಟ."

ಬಟ್ಟೆ ಬುಟ್ಟಿ ತೆಗೆದುಕೊಳ್ಳಲು ಬಂದ ನಟರಾಜ ಮೆಟ್ಟಿಲ ಮೇಲೆ ನಿಂತಿದ್ದ. ಕೆಳಗಿನ ಇಬ್ಬರೂ ಅವನನ್ನು ನೋಡಿದರು. ಅವನು ಬುಟ್ಟಿ ತೆಗೆದುಕೊಳ್ಳದೆ ಮೇಲೆ ಹೋದ.

ದೀಪಾವಳಿ ಕಾರ್ಯಕ್ರಮ ಒಂದು ಹೈಸ್ಕೂಲಿನ ಕೆಫೆಟೇರಿಯಾದಲ್ಲಿ. ನೆಲಕ್ಕೆ ಪುಡಿ ಬೀಳಬಾರದೆಂದು ಶಾಲೆಯವರು ಹೇಳಿದ್ದರಿಂದ ದೊಡ್ಡ ಕಪ್ಪು ಕಾಗದ ಹಾಸಿ ಅಂಚಿಗೆ ಟೇಪ್ ಹಚ್ಚಿದ್ದರು. ಆಚೆ ಬದಿಯಲ್ಲಿ ಬಿಸಿಬೇಳೆಬಾತಿನ ಟ್ರೇಗಳು, ರೇಷ್ಮೆ ಸೀರೆಗಳು, ಓಡಾಡುವ ಮಕ್ಕಳು. ಮಂಡಿನೋವಿನ ಮಾತು ನಟರಾಜ ಯಾರಿಗೂ ಹೇಳಿರಲಿಲ್ಲ. ನಿಜವನ್ನೂ ಹೇಳಿರಲಿಲ್ಲ. ಬೆಳಿಗ್ಗೆಯಿಂದ ಅವನು ಏನನ್ನೂ ತಿಂದಿರಲಿಲ್ಲ.

ಶೇಷಾದ್ರಿಯವರು ಮೈಕ್ ಹಿಡಿದು, "ಓದು ಬರಹ ಅರಿಯದ, ಆದರೆ ಬೆರಳ ತುದಿಯಲ್ಲಿ ನಮ್ಮ ಸಂಸ್ಕೃತಿಯನ್ನೇ ಇಟ್ಟುಕೊಂಡ ಹಳ್ಳಿಯ ಈ ಮಹಾತಾಯಿ," ಎಂದು ಶುರು ಮಾಡಿದರು. ಅನಸೂಯ ಸೆರಗಿನ ತುದಿ ತಿರುಚುತ್ತ ನೆಲ ನೋಡಿದಳು. ಇಶಾ ಅಜ್ಜಿಯ ತೋಳು ಹಿಡಿದು ಕಾಗದದವರೆಗೆ ಕರೆತಂದಳು. ರೇಣುಕಾದೇವಿಯವರು ಕಷ್ಟಪಟ್ಟು ಮಂಡಿಯೂರಿದರು. ಬಟ್ಟಲಿನಿಂದ ಪುಡಿ ತೆಗೆದು ಮೊದಲ ಚುಕ್ಕಿ ಇಟ್ಟರು. ಅದು ಚುಕ್ಕಿಯಾಗದೆ ಗುಪ್ಪೆಯಾಯಿತು. ಎರಡನೆಯದು ಚೆಲ್ಲಿತು. ಮೂರನೆಯದು ಸಾಲು ಬಿಟ್ಟು ದೂರ ಬಿತ್ತು.

"ಪಾಪ, ವಯಸ್ಸಾಯ್ತಲ್ಲ," ಎಂದು ಯಾರೋ ಹೆಂಗಸು ಪಿಸುಗುಟ್ಟಿದಳು. ಮಕ್ಕಳ ಗುಂಪಿನಲ್ಲಿ ಒಂದು ಕಿಸಕ್ಕೆಂದಿತು. ಚಪ್ಪಾಳೆ ತಟ್ಟಲು ಸಿದ್ಧವಾಗಿದ್ದ ಕೈಗಳು ಹಾಗೇ ನಿಂತವು. ರೇಣುಕಾದೇವಿಯವರು ತಲೆ ಎತ್ತಿ ಯಾರನ್ನೂ ನೋಡದೆ ನಾಲ್ಕನೆಯ ಚುಕ್ಕಿಗೆ ಪುಡಿ ತೆಗೆದರು.

"ಸಾರ್, ಮೈಕ್ ಕೊಡಿ," ಎಂದ ನಟರಾಜ. ಮುಂದೆ ಬಂದು ಕೈ ಚಾಚಿದ.

"ನಮ್ಮಮ್ಮಂಗೆ ರಂಗೋಲಿ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಅವರು ಮೈಸೂರು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಸೂಪರ್‌ವೈಸರ್ ಆಗಿದ್ರು. ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾರೆ. ಲೈಬ್ರರೀಲಿ ನನ್ನ ಮಗಳ ಬಾಯಲ್ಲಿ ಆ ಸುಳ್ಳು ಹೇಳಿಸಿದ್ದು ನಾನು."

ಟ್ರೇಗಳ ಹತ್ತಿರ ಸೌಟಿನ ಸದ್ದೂ ನಿಂತಿತು. ಶೇಷಾದ್ರಿಯವರು ಏನು ಮಾಡಬೇಕೆಂದು ತೋಚದೆ ಶಾಲು ಸರಿಮಾಡಿಕೊಂಡರು. ನಟರಾಜ ಅಲ್ಲಿಗೇ ಮೈಕ್ ಕೊಡಬಹುದಿತ್ತು. ಕೊಡಲಿಲ್ಲ.

"ಅಮ್ಮನ ನೈಟ್ ಡ್ಯೂಟಿ ಇದ್ದಾಗ ನಮ್ಮ ಬಾಗಿಲಲ್ಲಿ ರಂಗೋಲಿ ಇರ್ತಿರ್ಲಿಲ್ಲ. ಒಂದಿನ ದಾರೀಲಿ ಹೋಗೋರು, ಈ ಮನೇಲಿ ಯಾರು ಸತ್ರು ಅಂತ ನನ್ನೇ ಕೇಳಿದ್ರು. ನಂಗೆ ಎಷ್ಟು ನಾಚಿಕೆ ಆಯ್ತು ಅಂದ್ರೆ, ಪಕ್ಕದ್ಮನೆ ಶಿವಬಸಮ್ಮನೋರ ಹತ್ರ ಹೋಗಿ ಹಾಕೋದು ಕಲಿಸಿಕೊಡಿ ಅಂತ ಕೇಳಿದೆ. ನೀವೇ ಹಾಕಿದ್ದು ಅಂತ ಹೇಳಿ, ನನ್ನ ಹೆಸರು ಹೇಳ್ಬೇಡಿ ಅಂತ ಕಾಲು ಹಿಡ್ಕೊಂಡಿದ್ದೆ. ಗಂಡುಹುಡುಗ ರಂಗೋಲಿ ಹಾಕ್ತಾನೆ ಅಂದ್ರೆ ಬೀದೀಲಿ ಬಿಡ್ತಾರಾ? ಅಂಗಳ ತೊಳೀತಿದ್ದದ್ದು ನಾನು. ಬೆರಳು ಮರಗಟ್ತಾ ಇದ್ದದ್ದು ನಂದು."

ಇಶಾ ಅಪ್ಪನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ನಟರಾಜ ಮೈಕನ್ನು ಶೇಷಾದ್ರಿಯವರ ಕೈಗಿತ್ತು, ಹೋಗಿ ತಾಯಿಯ ಪಕ್ಕ ಕೂತ. ಅವರನ್ನು ಎಬ್ಬಿಸುವುದಕ್ಕೆಂದು ಕೂತವನು, ಅವರ ಕೈಯಲ್ಲಿದ್ದ ಪುಡಿ ಇಸಿದುಕೊಂಡು, ಅವರು ಇಟ್ಟ ಮೂರು ಗುಪ್ಪೆಗಳನ್ನು ಅಳಿಸದೆ, ಅವನ್ನೇ ಸೇರಿಸಿಕೊಂಡು ನಡುವಿನ ಸಾಲು ಹಾಕಿದ. ಇಸ್ತ್ರಿಯ ಪ್ಯಾಂಟಿನ ಮಂಡಿ ಬೆಳ್ಳಗಾಯಿತು. ಐವತ್ತು ಸಮೀಪಿಸಿದ, ನೆತ್ತಿ ಬೋಳಾದ ಗಂಡಸು ಹೆಬ್ಬೆರಳು ತೋರುಬೆರಳಿನ ನಡುವೆ ಪುಡಿ ಹಿಡಿದು ಎಳೆ ಬಿಡುತ್ತ ಹೋದ. ಗೆರೆ ಎಲ್ಲೂ ಕಡಿಯಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಜನಕ್ಕೆ ತಿಳಿಯಲಿಲ್ಲ. ಶೇಷಾದ್ರಿಯವರು ಮೆಲ್ಲಗೆ ಎಲ್ಲರನ್ನೂ ಊಟದ ಸಾಲಿಗೆ ಕಳಿಸಿದರು. ಕಪ್ಪು ಕಾಗದದ ಬಳಿ ಮನೆಯವರಷ್ಟೇ ಉಳಿದರು.

"ಸೋಮವಾರ ಲೈಬ್ರರಿಗೆ ನಾನೂ ಬರ್ತೀನಿ," ಎಂದ ನಟರಾಜ, ಮಗಳ ಮುಖ ನೋಡದೆ. "ನಾನೇ ಹೇಳ್ತೀನಿ."

"ಓಕೆ," ಎಂದಳು ಇಶಾ. ಕಾಗದದ ಅಂಚಿನಲ್ಲಿ ಕೂತು, "ಅಪ್ಪ, ಅಕ್ಕಪಕ್ಕದವರಿಗೋಸ್ಕರ ಅಷ್ಟೇ ಹಾಕ್ತಿದ್ರಾ?" ಎಂದು ಕೇಳಿದಳು.

"ಮೊದಲು ಅವರಿಗೋಸ್ಕರಾನೇ." ನಟರಾಜ ಬೆರಳಿನ ಪುಡಿ ಉಜ್ಜಿಕೊಂಡ. "ಆಮೇಲೆ ಅಮ್ಮ ನೋಡ್ಲಿ ಅಂತ. ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಕಿಟಕಿ ಹಿಂದೆ ನಿಂತಿರ್ತಿದ್ದೆ. ಯಾರು ಹಾಕಿದ್ದು ಇಷ್ಟು ಚೆಂದ ಅಂತ ಕೇಳ್ತಾಳೇನೋ, ಕೇಳಿದ್ರೆ ಹೇಳೋಣ ಅಂತ."

ರೇಣುಕಾದೇವಿಯವರು ಇನ್ನೂ ನೆಲದ ಮೇಲೇ ಕೂತಿದ್ದರು. ಮಗ ತನ್ನನ್ನು ಮುಚ್ಚಿಟ್ಟ ಎಂದು ಇಷ್ಟು ದಿನ ಪಟ್ಟ ಸಿಟ್ಟೆಲ್ಲ ಈಗ ತನ್ನ ಮೇಲೇ ತಿರುಗಿತು. ಆ ಬೆಳಗುಗಳನ್ನು ನೆನಪಿಸಿಕೊಳ್ಳಲು ನೋಡಿದರು. ಕಿವಿಯಲ್ಲಿ ಗುಂಯ್‌ಗುಡುವ ಹೆಡ್‌ಫೋನಿನ ಸದ್ದು, ಊದಿದ ಕಾಲು, ಒಮ್ಮೆ ಹಾಸಿಗೆ ಸಿಕ್ಕರೆ ಸಾಕೆಂಬ ಆಸೆ, ಇಷ್ಟೇ ನೆನಪಾಯಿತು. ಬಾಗಿಲಲ್ಲಿ ಇದ್ದ ಒಂದೇ ಒಂದು ರಂಗೋಲಿಯೂ ನೆನಪಿಗೆ ಬರಲಿಲ್ಲ. ಶಿವಬಸಮ್ಮ ಹಾಕಿದ್ದಾಳೆ ಎಂದು ಕೇಳಿ ಬಟ್ಟೆ ಕೊಟ್ಟಿದ್ದರೇ ಹೊರತು, ನಿಂತು ನೋಡಿರಲಿಲ್ಲ.

"ನಾನು ನೋಡ್ಲಿಲ್ಲ ಕಣೋ. ನಿದ್ದೆಗೆ ಕಣ್ಣೇ ಬಿಡಕ್ಕಾಗ್ತಿರ್ಲಿಲ್ಲ," ಎಂದರು. "ತುಳ್ಕೊಂಡೇ ಒಳಗೆ ಬರ್ತಿದ್ದೆ, ಅಲ್ವಾ?"

"ಹೂಂ, ಅಮ್ಮ."

"ದಿನಾನೂ?"

"ದಿನಾನೂ," ಎಂದ ನಟರಾಜ. "ಮಾರನೇ ದಿನ ಮತ್ತೆ ಹಾಕ್ತಿದ್ದೆ."